ಅಡಿಕೆ ಸಿಪ್ಪೆಯ ಇದ್ದಿಲಿನಿಂದ ಹೈಡ್ರೋಜನ್ ತೆಗೆಯಬಹುದೇ?

ಪ್ರಶ್ನೆ: ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ, ನಾಲ್ಕು ಎಕರೆ ಅಡಿಕೆ ತೋಟ ಇದೆ. ಪ್ರತಿ ವರ್ಷ ಕೊಯ್ಲು ಮುಗಿಯುವಷ್ಟರಲ್ಲಿ ಅಂಗಳದಾಚೆ ಸಿಪ್ಪೆಯ ಗುಡ್ಡೆ ಬೀಳುತ್ತದೆ. ಸ್ವಲ್ಪ ಬಚ್ಚಲೊಲೆಗೆ ಹೋಗುತ್ತದೆ, ಸ್ವಲ್ಪ ತೋಟಕ್ಕೆ. ಉಳಿದದ್ದು ಮಳೆಗೆ ಕೊಳೆಯುತ್ತದೆ. ಮಗಳು ಶಂಕರಘಟ್ಟದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದಾಳೆ. ಈ ಸಿಪ್ಪೆಯಿಂದ ಸಣ್ಣ ರಂಧ್ರಗಳ ಇದ್ದಿಲು ಮಾಡಿ, ನೀರಿನಿಂದ ಹೈಡ್ರೋಜನ್ ತೆಗೆಯುವ ಕ್ಯಾಟಲಿಸ್ಟ್ ಆಗಿ ಬಳಸುವ ಪ್ರಾಜೆಕ್ಟ್ ಮಾಡುತ್ತೇನೆ ಅನ್ನುತ್ತಾಳೆ. ಇತ್ತ ಮೊಬೈಲ್‌ಗೆ ಒಂದು ವಿಡಿಯೋ ಬಂತು. ಅದರಲ್ಲಿ ಕಪ್ಪು ಪುಡಿಯನ್ನು ನೀರಿಗೆ ಹಾಕಿದ ಕೂಡಲೇ ಗುಳ್ಳೆ ಏಳುತ್ತದೆ, ಕಡ್ಡಿ ಗೀರಿದರೆ ಉರಿಯುತ್ತದೆ. ಇದು ನಿಜವೇ? ಬಚ್ಚಲೊಲೆಯಲ್ಲೇ ಕಾಸ್ಟಿಕ್ ಸೋಡಾ ಬೆರೆಸಿ ಸುಟ್ಟು ಈ ಇದ್ದಿಲು ಮಾಡಿಕೊಳ್ಳಬಹುದೇ? ಅಡುಗೆ ಗ್ಯಾಸಿನ ಖರ್ಚು ಉಳಿದೀತೇ? ಒಬ್ಬರು ಮನೆಗೆ ಬಂದು, ಮುಂಗಡ ಕೊಟ್ಟರೆ ಯಂತ್ರ ಹಾಕಿಕೊಡುತ್ತೇವೆ, ಇದ್ದಿಲನ್ನು ನಾವೇ ಕೊಳ್ಳುತ್ತೇವೆ ಎಂದೂ ಹೇಳಿ ಹೋಗಿದ್ದಾರೆ. ಏನು ಮಾಡಲಿ?

ಉತ್ತರ: ವಿಡಿಯೋ ನಂಬಬೇಡಿ. ಬಚ್ಚಲೊಲೆಯ ಯೋಚನೆಯನ್ನು ಇವತ್ತೇ ಬಿಟ್ಟುಬಿಡಿ. ಮಗಳ ಪ್ರಾಜೆಕ್ಟ್ ಮಾತ್ರ ನಿಜಕ್ಕೂ ಒಳ್ಳೆಯದು, ಅದಕ್ಕೆ ಅಡ್ಡಿ ಮಾಡಬೇಡಿ. ಇಂಥ ಇಂಗಾಲದ ವಸ್ತುಗಳನ್ನು ಮಾಡುವುದು, ಅಳೆಯುವುದೇ ನನ್ನ ಕೆಲಸ. ಹಾಗಾಗಿ ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇದ್ದಿಲು ನೀರಿಗೆ ಬಿದ್ದರೆ ಗುಳ್ಳೆ ಬರುವುದು ಸಹಜ. ಅದರ ರಂಧ್ರಗಳಲ್ಲಿ ಗಾಳಿ ತುಂಬಿರುತ್ತದೆ, ನೀರು ಒಳಗೆ ಹೋದಂತೆ ಗಾಳಿ ಹೊರಗೆ ಬರುತ್ತದೆ. ಆ ಗುಳ್ಳೆ ಉರಿಯುವುದಿಲ್ಲ. ಉರಿಯಿತು ಅಂದರೆ ಪುಡಿಯಲ್ಲಿ ಬೇರೆ ಏನೋ ಇತ್ತು ಅಂತಲೇ ಅರ್ಥ. ಅಲ್ಯೂಮಿನಿಯಂ ಚೂರನ್ನು ಕಾಸ್ಟಿಕ್ ಸೋಡಾ ನೀರಿಗೆ ಹಾಕಿದರೆ ಹೈಡ್ರೋಜನ್ ಭರ್ರನೆ ಬರುತ್ತದೆ. ಆದರೆ ಅಲ್ಲಿ ಅಲ್ಯೂಮಿನಿಯಂ ಕರಗಿ ಖರ್ಚಾಗುತ್ತದೆ, ಇದ್ದಿಲಿನ ಪಾತ್ರ ಏನೂ ಇಲ್ಲ. ಕಾರ್ಬೈಡ್ ಹಾಕಿದರೆ ಅಸಿಟಿಲೀನ್ ಅನಿಲ ಬರುತ್ತದೆ. ಅದು ಮಸಿ ಕಾರುತ್ತಾ ಉರಿಯುತ್ತದೆ, ಹೈಡ್ರೋಜನ್ ಅಲ್ಲವೇ ಅಲ್ಲ. ಇನ್ನು ಕೆಲವರು ಕೆಂಡದ ಮೇಲೆ ಹಬೆ ಬಿಟ್ಟರೆ ಹೈಡ್ರೋಜನ್ ಬರುತ್ತದೆ ಅನ್ನುತ್ತಾರೆ. ಅದು ನಿಜವೇ, ಹಳೆಯ ಕೈಗಾರಿಕಾ ವಿಧಾನ. ಆದರೆ ಜೊತೆಯಲ್ಲಿ ಅಷ್ಟೇ ಪ್ರಮಾಣದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಮುಚ್ಚಿದ ಜಾಗದಲ್ಲಿ ಜೀವ ತೆಗೆಯುವ ವಿಷ. ಅಲ್ಲೂ ಇದ್ದಿಲು ಉರಿದು ಖರ್ಚಾಗುತ್ತದೆ. ಕ್ಯಾಟಲಿಸ್ಟ್ ಅಂದರೆ ತಾನು ಖರ್ಚಾಗದೆ ಕೆಲಸ ಸುಲಭ ಮಾಡಿಕೊಡುವ ವಸ್ತು.

ಈ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ಕ್ಯಾಟಲಿಸ್ಟ್ ಶಕ್ತಿ ಕೊಡುವುದಿಲ್ಲ. ನೀರಿನಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ಗಟ್ಟಿಯಾಗಿ ಕೂಡಿಕೊಂಡಿವೆ. ಅವನ್ನು ಬಿಡಿಸಲು ಹೊರಗಿನಿಂದ ಶಕ್ತಿ ಕೊಡಲೇಬೇಕು, ಮಗಳ ವಿಧಾನದಲ್ಲಿ ಅದು ವಿದ್ಯುತ್. ಲೆಕ್ಕದ ಪ್ರಕಾರ ಕನಿಷ್ಠ 1.23 ವೋಲ್ಟ್. ನಿಜವಾದ ಯಂತ್ರಗಳಲ್ಲಿ 1.8ರಿಂದ 2 ವೋಲ್ಟ್ ಬೇಕಾಗುತ್ತದೆ. ಈ ಹೆಚ್ಚುವರಿಯಲ್ಲಿ ಒಂದಷ್ಟನ್ನು ಕಡಿಮೆ ಮಾಡುವುದೇ ಕ್ಯಾಟಲಿಸ್ಟಿನ ಕೆಲಸ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ರಸ್ತೆ ಚೆನ್ನಾಗಿದ್ದರೆ ಡೀಸೆಲ್ ಉಳಿಯುತ್ತದೆ. ಘಾಟಿಯ ಎತ್ತರ ಮಾತ್ರ ಅಷ್ಟೇ ಇರುತ್ತದೆ, ಅಲ್ವಾ?

ಈಗ ನಿಮ್ಮ ಗ್ಯಾಸಿನ ಲೆಕ್ಕಕ್ಕೆ ಬರೋಣ. 14.2 ಕೆ.ಜಿ.ಯ ಒಂದು ಸಿಲಿಂಡರಿನಲ್ಲಿ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 180 ಯೂನಿಟ್ ಶಾಖ ಇರುತ್ತದೆ. ಅಷ್ಟೇ ಶಾಖಕ್ಕೆ ಸುಮಾರು ಐದೂವರೆ ಕೆ.ಜಿ. ಹೈಡ್ರೋಜನ್ ಬೇಕು. ಇವತ್ತಿನ ಒಳ್ಳೆಯ ಯಂತ್ರಗಳು ಒಂದು ಕೆ.ಜಿ. ಹೈಡ್ರೋಜನ್ ತೆಗೆಯಲು 50ರಿಂದ 55 ಯೂನಿಟ್ ಕರೆಂಟ್ ತಿನ್ನುತ್ತವೆ. ಅಂದರೆ ಒಂದು ಸಿಲಿಂಡರಿಗೆ ಸಮನಾದ ಹೈಡ್ರೋಜನ್‌ಗೆ 280ರಿಂದ 300 ಯೂನಿಟ್. ಒಂದು ಕಿಲೋವಾಟ್ ಸೋಲಾರ್ ಪ್ಯಾನೆಲ್ ಬಿಸಿಲಿನ ದಿನ 4 ಯೂನಿಟ್ ಕೊಟ್ಟಿತು ಅಂದುಕೊಂಡರೂ ಎಪ್ಪತ್ತು ದಿನ ದಾಟುತ್ತದೆ. ನಮ್ಮ ಜುಲೈ ತಿಂಗಳ ಮೋಡದಲ್ಲಿ ಆ ಲೆಕ್ಕವೂ ನಿಲ್ಲುವುದಿಲ್ಲ. ಏನೇನೂ ನಷ್ಟ ಇಲ್ಲದ ಯಂತ್ರ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಆಗಲೂ 215 ಯೂನಿಟ್ ಹತ್ತಿರ ಬೇಕು. ಅದೇ ಅಡುಗೆಯನ್ನು ಇಂಡಕ್ಷನ್ ಒಲೆಯಲ್ಲಿ ಮಾಡಿದರೆ ಸುಮಾರು 130 ಯೂನಿಟ್ ಸಾಕು. ಕರೆಂಟನ್ನು ಹೈಡ್ರೋಜನ್ ಮಾಡಿ, ಆ ಹೈಡ್ರೋಜನ್ ಸುಟ್ಟು ಅನ್ನ ಬೇಯಿಸುವುದು ಮನೆಯ ಮಟ್ಟಿಗೆ ದುಬಾರಿ ಸುತ್ತು ದಾರಿ.

ಶೇಖರಣೆಯ ಕಷ್ಟ ಬೇರೆ. ಐದೂವರೆ ಕೆ.ಜಿ. ಹೈಡ್ರೋಜನ್ ಅಂದರೆ ಒತ್ತಡ ಇಲ್ಲದೆ ಸುಮಾರು 65 ಸಾವಿರ ಲೀಟರ್, ಒಂದು ದೊಡ್ಡ ಕೋಣೆಯಷ್ಟು. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಎಷ್ಟಿದ್ದರೂ ಅದಕ್ಕೆ ಬೆಂಕಿ ಹತ್ತುತ್ತದೆ. ಎಲ್‌ಪಿಜಿಗೆ ಈ ಮಿತಿ ಸುಮಾರು 2ರಿಂದ 10. ಹೈಡ್ರೋಜನ್ ಸೋರಿದರೆ ಮೂಗಿಗೆ ಗೊತ್ತಾಗುವುದಿಲ್ಲ. ಹಗುರ ಅನಿಲವಾದ್ದರಿಂದ ಮೇಲಕ್ಕೇರಿ ಮಾಡಿನ ಕೆಳಗೆ ಸೇರಿಕೊಳ್ಳುತ್ತದೆ. ಮರದ ಅಟ್ಟ ಇರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಹೈಡ್ರೋಜನ್ ಮತ್ತು ಆಕ್ಸಿಜನ್ ಒಂದೇ ಕೊಳವೆಯಲ್ಲಿ ಬರುವ ಮನೆ ತಯಾರಿಕೆಯ ಜಾಡಿಗಳನ್ನಂತೂ ದಯವಿಟ್ಟು ಮುಟ್ಟಬೇಡಿ. ಅದು ಸಿಡಿಯಲು ಸಿದ್ಧವಾಗಿರುವ ಮಿಶ್ರಣ. ನೀರಿಗೆ ಉಪ್ಪು ಹಾಕಿ ಕರೆಂಟ್ ಕೊಟ್ಟರೆ ಒಂದು ಬದಿಯಲ್ಲಿ ಕ್ಲೋರಿನ್ ವಿಷಾನಿಲ ಬರುತ್ತದೆ ಅನ್ನುವುದೂ ನೆನಪಿರಲಿ.

ಬಚ್ಚಲೊಲೆಯನ್ನು ಯಾಕೆ ಬೇಡ ಅಂದೆ? ಸಿಪ್ಪೆಯನ್ನು ಗಾಳಿ ಆಡುವ ಒಲೆಯಲ್ಲಿ ಸುಟ್ಟರೆ ಇಂಗಾಲ ಉರಿದುಹೋಗುತ್ತದೆ, ಬೂದಿ ಉಳಿಯುತ್ತದೆ. ಇದ್ದಿಲು ಬೇಕಾದರೆ ಗಾಳಿ ತಡೆಯಬೇಕು. ಮುಚ್ಚಿದ ಡ್ರಮ್ಮಿನಲ್ಲಿ 400ರಿಂದ 500 ಡಿಗ್ರಿಯಲ್ಲಿ ಸುಟ್ಟರೆ ಇದ್ದಿಲು ಸಿಗುತ್ತದೆ. ಆದರೆ ಆ ಇದ್ದಿಲಿನಲ್ಲಿ ರಂಧ್ರ ಕಡಿಮೆ, ಕರೆಂಟ್ ಕೂಡ ಅದರಲ್ಲಿ ಸರಿಯಾಗಿ ಹರಿಯುವುದಿಲ್ಲ. ರಂಧ್ರ ಕೊರೆಯುವ ಎರಡನೆಯ ಹಂತಕ್ಕೆ ಆಕ್ಟಿವೇಶನ್ ಅನ್ನುತ್ತಾರೆ. ಪ್ರಯೋಗಾಲಯಗಳಲ್ಲಿ ಬಹಳ ಜನ ಬಳಸುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಇದ್ದಿಲಿಗೆ ಅದನ್ನು ಬೆರೆಸಿ, ನೈಟ್ರೋಜನ್ ಅಥವಾ ಆರ್ಗಾನ್ ಹರಿಯುವ ಕೊಳವೆ ಕುಲುಮೆಯಲ್ಲಿ 700ರಿಂದ 900 ಡಿಗ್ರಿಗೆ ಕಾಯಿಸುತ್ತಾರೆ. ಕ್ಷಾರ ಇಂಗಾಲವನ್ನು ತಿನ್ನುತ್ತಾ ಒಳಗೆ ದಾರಿ ಮಾಡಿಕೊಳ್ಳುತ್ತದೆ. ಹೀಗೆ ಮಾಡಿದ ಒಂದು ಗ್ರಾಂ ಇಂಗಾಲದ ಒಳಮೈ, ಅಂದರೆ ರಂಧ್ರಗಳ ಗೋಡೆಗಳ ಒಟ್ಟು ವಿಸ್ತೀರ್ಣ, 1000ದಿಂದ 3000 ಚದರ ಮೀಟರ್‌ವರೆಗೆ ಇರಬಹುದು.

ಅಪಾಯ ಇರುವುದೂ ಅಲ್ಲೇ. ಈ ಬಿಸಿಯಲ್ಲಿ ಕರಗಿದ ಕ್ಷಾರ ಕಬ್ಬಿಣವನ್ನು ತಿನ್ನುತ್ತದೆ, ಸ್ಟೀಲ್ ತಿನ್ನುತ್ತದೆ, ಪಿಂಗಾಣಿಯನ್ನೂ ಗಾಜನ್ನೂ ಬಿಡುವುದಿಲ್ಲ. ಕೆಲಸ ಬಲ್ಲವರು ನಿಕ್ಕಲ್ ಪಾತ್ರೆ ಬಳಸುವುದು ಇದಕ್ಕೇ. ಅದಕ್ಕಿಂತ ದೊಡ್ಡದು, ಈ ಕ್ರಿಯೆಯಲ್ಲಿ ಲೋಹದ ರೂಪದ ಪೊಟ್ಯಾಸಿಯಂ ಹುಟ್ಟುತ್ತದೆ. 760 ಡಿಗ್ರಿ ಆಸುಪಾಸಿನಲ್ಲಿ ಅದು ಆವಿಯಾಗಿ, ಕುಲುಮೆಯ ತಣ್ಣನೆಯ ತುದಿಗೆ ಹೋಗಿ ಅಂಟಿಕೊಳ್ಳುತ್ತದೆ. ನೀರು ತಾಗಿದರೆ ಹೊತ್ತಿಕೊಳ್ಳುತ್ತದೆ. ಕುಲುಮೆ ತಣ್ಣಗಾಯಿತು, ತೊಳೆಯೋಣ ಎಂದು ಕೈ ಹಾಕಿದಾಗಲೇ ಬೆಂಕಿ ಏಳುವುದು. ಕಾಸ್ಟಿಕ್ ಸೋಡಾದಲ್ಲಿ ಇರುವುದು ಸೋಡಿಯಂ ಹೈಡ್ರಾಕ್ಸೈಡ್. ಅದರ ಕಥೆಯೂ ಹೆಚ್ಚುಕಡಿಮೆ ಇದೇ. ಹಂಡೆ ಕಾಯಿಸುವ ಒಲೆಯಲ್ಲಿ ಹದ ಕಾಯಲು ಆಗುವುದಿಲ್ಲ, ಗಾಳಿ ತಡೆಯಲು ಆಗುವುದಿಲ್ಲ. ಕ್ಷಾರದ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು.

ಮಗಳಿಗೆ ಮಾತ್ರ ಹೇಳಬೇಕಾದ ಇನ್ನೊಂದು ಎಚ್ಚರಿಕೆ ಇದೆ. ಬರೀ ಇಂಗಾಲ ಹೈಡ್ರೋಜನ್ ಬಿಡಿಸುವುದರಲ್ಲಿ ತುಂಬಾ ನಿಧಾನ. ಹಾಗಾಗಿ ಅದರ ಮೈಗೆ ನೈಟ್ರೋಜನ್, ಗಂಧಕ ಅಥವಾ ರಂಜಕದ ಪರಮಾಣು ಸೇರಿಸುತ್ತಾರೆ. ನೈಟ್ರೋಜನ್‌ಗೆ ಸುಲಭದ ಮೂಲ ಯೂರಿಯಾ. ಯೂರಿಯಾ, ಇದ್ದಿಲು, ಪೊಟ್ಯಾಸಿಯಂ ಕ್ಷಾರ ಮೂರನ್ನೂ ಒಟ್ಟಿಗೆ ಹಾಕಿ ಒಂದೇ ಸಲ ಕಾಯಿಸುವ ವಿಧಾನ ಚೆನ್ನಾಗಿ ಕಾಣುತ್ತದೆ. ಆದರೆ ನೈಟ್ರೋಜನ್, ಇಂಗಾಲ, ಪೊಟ್ಯಾಸಿಯಂ ಜಾಸ್ತಿ ಬಿಸಿಯಲ್ಲಿ ಸೇರಿದರೆ ಪೊಟ್ಯಾಸಿಯಂ ಸಯನೈಡ್ ಆಗುವ ಸಾಧ್ಯತೆ ಇದೆ. ಅದರ ಮೇಲೆ ತೊಳೆಯಲು ಆಸಿಡ್ ಹಾಕಿದರೆ ಹೈಡ್ರೋಜನ್ ಸಯನೈಡ್ ಅನಿಲ ಹೊರಬರುತ್ತದೆ. ಇದನ್ನು ಗೈಡ್ ಜೊತೆ ಮೊದಲೇ ಮಾತಾಡಬೇಕು. ವಿಷಾನಿಲವನ್ನು ಹೊರಗೆಳೆಯುವ ಪ್ರಯೋಗಾಲಯದ ಹೊಗೆಗೂಡು (ಫ್ಯೂಮ್ ಹುಡ್) ಇಲ್ಲದ ಕಡೆ ಈ ಕೆಲಸ ಮಾಡಲೇಬಾರದು.

ನನ್ನನ್ನು ಕೇಳಿದರೆ ಎಂ.ಎಸ್ಸಿ. ಪ್ರಾಜೆಕ್ಟಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕೇ ಬೇಕು ಅಂತ ಇಲ್ಲ. ಫಾಸ್ಫಾರಿಕ್ ಆಸಿಡ್ ಬಳಸಿದರೆ 450ರಿಂದ 500 ಡಿಗ್ರಿಯಲ್ಲೇ ರಂಧ್ರ ಬರುತ್ತವೆ. ಮರದ ಪುಡಿಯಿಂದ ಆಕ್ಟಿವೇಟೆಡ್ ಕಾರ್ಬನ್ ಮಾಡುವ ಕಾರ್ಖಾನೆಗಳು ಈ ದಾರಿಯನ್ನು ಬಹಳ ಕಾಲದಿಂದ ಬಳಸುತ್ತಿವೆ. ಇಂಗಾಲಕ್ಕೆ ಸ್ವಲ್ಪ ರಂಜಕವೂ ಸೇರುತ್ತದೆ. ಕೊರತೆ ಏನೆಂದರೆ ಆ ಬಿಸಿಯಲ್ಲಿ ಕರೆಂಟ್ ಹರಿಯುವ ಗುಣ ಸಾಲದು. ತೊಳೆದ ಮೇಲೆ 800 ಡಿಗ್ರಿ ದಾಟಿ ನೈಟ್ರೋಜನ್‌ನಲ್ಲಿ ಇನ್ನೊಮ್ಮೆ ಕಾಯಿಸಬೇಕಾಗುತ್ತದೆ. ಇನ್ನೊಂದು ದಾರಿ ಪೊಟ್ಯಾಸಿಯಂ ಕಾರ್ಬೋನೇಟ್. ಇದು ಹೈಡ್ರಾಕ್ಸೈಡಿನಷ್ಟು ಸುಡುವುದಿಲ್ಲ, ಕೈಯಲ್ಲಿ ಹಿಡಿದು ಕೆಲಸ ಮಾಡಲು ಸುಲಭ. 800 ಡಿಗ್ರಿ ಬೇಕು, ಲೋಹದ ಪೊಟ್ಯಾಸಿಯಂ ಭಯ ಇಲ್ಲೂ ಪೂರ್ತಿ ಹೋಗುವುದಿಲ್ಲ. ನಮ್ಮ ಬಚ್ಚಲೊಲೆಯ ಬೂದಿ ನೀರಿನಲ್ಲಿರುವ ಕ್ಷಾರವೂ ಮುಖ್ಯವಾಗಿ ಇದೇ. ಆದರೆ ಬೂದಿಯಲ್ಲಿ ಬೇರೆ ಲವಣಗಳೂ ಇರುತ್ತವೆ. ಅಳತೆಯ ಕೆಲಸಕ್ಕೆ ಅಂಗಡಿಯ ಶುದ್ಧ ಪುಡಿಯೇ ಇರಲಿ. ಹಬೆ ಬಿಟ್ಟು ರಂಧ್ರ ಮಾಡುವ ವಿಧಾನ ತೆಂಗಿನ ಚಿಪ್ಪಿನ ಕಾರ್ಖಾನೆಗಳಲ್ಲಿ ನಡೆಯುತ್ತದೆ. ಕಾಲೇಜಿನ ಕುಲುಮೆಗೆ ಅದು ಅಷ್ಟು ಹೊಂದುವುದಿಲ್ಲ.

ಒಳಮೈ ಎಷ್ಟು ಅನ್ನುವ ಒಂದೇ ಅಂಕಿಯ ಹಿಂದೆ ವಿದ್ಯಾರ್ಥಿಗಳು ಓಡುತ್ತಾರೆ. ನನಗೆ ಇದು ಬೇಸರದ ವಿಷಯ. 2500 ಚದರ ಮೀಟರ್ ಬಂತು ಎಂದು ಸಂಭ್ರಮ ಪಡುತ್ತಾರೆ, ಎಲೆಕ್ಟ್ರೋಡ್ (ನೀರಿನೊಳಗೆ ಕರೆಂಟ್ ಹರಿಸುವ ತುಂಡು) ಮೇಲೆ ಅದು ಕೆಲಸವನ್ನೇ ಮಾಡುವುದಿಲ್ಲ. ಯಾಕೆಂದರೆ ಆ ಒಳಮೈಯ ಬಹುಪಾಲು 2 ನ್ಯಾನೋಮೀಟರಿಗಿಂತ ಸಣ್ಣ ರಂಧ್ರಗಳಲ್ಲಿ ಇರುತ್ತದೆ. ಅಲ್ಲಿಗೆ ದ್ರಾವಣ ತಲುಪುವುದು ಕಷ್ಟ, ಹುಟ್ಟಿದ ಹೈಡ್ರೋಜನ್ ಹೊರಗೆ ಬರುವುದು ಇನ್ನೂ ಕಷ್ಟ. 2ರಿಂದ 50 ನ್ಯಾನೋಮೀಟರ್ ಅಗಲದ ರಂಧ್ರಗಳೂ ಬೇಕು. ಜಾಸ್ತಿ ಕೊರೆದರೆ ಇಂಗಾಲದ ಗೋಡೆ ತೆಳುವಾಗಿ ಕರೆಂಟ್ ಹರಿಯುವುದು ಕಡಿಮೆಯಾಗುತ್ತದೆ. ಈ ಮೂರರ ಹದ ಹಿಡಿಯುವುದೇ ನಿಜವಾದ ಕೆಲಸ.

ಹದ ಸಿಕ್ಕರೂ, ಈ ಕೆಲಸಕ್ಕೆ ಅತ್ಯುತ್ತಮ ಕ್ಯಾಟಲಿಸ್ಟ್ ಎನಿಸಿದ ಪ್ಲಾಟಿನಂಗೆ ಸಮ ಆಗುವುದಿಲ್ಲ ಎಂದು ಮೊದಲೇ ತಿಳಿದಿರಲಿ. ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಹರಿಸಲು ಪ್ಲಾಟಿನಂ ಕೇಳುವ ಹೆಚ್ಚುವರಿ ವೋಲ್ಟೇಜ್ ಸುಮಾರು 30 ಮಿಲಿವೋಲ್ಟ್. ಲೋಹ ಇಲ್ಲದ ಇಂಗಾಲ ಸಾಮಾನ್ಯವಾಗಿ 200 ಮಿಲಿವೋಲ್ಟಿಗಿಂತ ಜಾಸ್ತಿ ಕೇಳುತ್ತದೆ. ಕಾರ್ಖಾನೆಯ ಯಂತ್ರಗಳಂತೂ ನೂರಾರು ಮಿಲಿಆಂಪಿಯರ್‌ನಲ್ಲಿ ಓಡುತ್ತವೆ. ಹಾಗಾಗಿ ಇಂಗಾಲಕ್ಕೆ ನಿಜವಾಗಿ ಒಪ್ಪುವ ಕೆಲಸ ಆಸರೆಯದು. ನಿಕ್ಕಲ್, ಕೋಬಾಲ್ಟ್, ಮಾಲಿಬ್ಡಿನಂನಂಥ, ಪ್ಲಾಟಿನಂಗಿಂತ ಅಗ್ಗದ ಲೋಹಗಳ ಕಣಗಳನ್ನು ಹರಡಿ ಹಿಡಿದುಕೊಳ್ಳುವುದು, ಅವು ಒಂದಕ್ಕೊಂದು ಅಂಟದ ಹಾಗೆ ನೋಡಿಕೊಳ್ಳುವುದು. ಅದೂ ಹೈಡ್ರೋಜನ್ ಬರುವ ಕ್ಯಾಥೋಡ್ ಬದಿಯಲ್ಲಿ ಮಾತ್ರ. ಆಕ್ಸಿಜನ್ ಬರುವ ಆನೋಡ್ ಬದಿಗೆ ಹಾಕಿದರೆ ಇಂಗಾಲ ತಾನೇ ಉತ್ಕರ್ಷಣೆಗೊಂಡು ಸವೆಯುತ್ತದೆ. ಎರಡೂ ಬದಿಗೆ ಒಂದೇ ಇಂಗಾಲ ಅನ್ನುವ ಮಾತು ಕೇಳಿದರೆ, ಎಷ್ಟು ಗಂಟೆ ಓಡಿಸಿದಿರಿ ಎಂದು ಕೇಳಿ.

ಅಳೆಯುವಾಗ ಒಂದು ಮೋಸ ತಾನಾಗಿಯೇ ನಡೆದುಹೋಗುತ್ತದೆ. ಎದುರಿನ ಎಲೆಕ್ಟ್ರೋಡ್ ಆಗಿ ಪ್ಲಾಟಿನಂ ತಂತಿ ಇಟ್ಟರೆ ಅದರಿಂದ ಚೂರು ಕರಗಿ ನಮ್ಮ ಇಂಗಾಲದ ಮೇಲೆ ಬಂದು ಕೂರುತ್ತದೆ. ದಿನ ಕಳೆದಂತೆ ಇಂಗಾಲ ಚುರುಕಾಯಿತು ಎಂದು ನಮಗೆ ಅನ್ನಿಸುತ್ತದೆ. ಕೆಲಸ ಮಾಡುತ್ತಿರುವುದು ಪ್ಲಾಟಿನಂ. ಅದರ ಬದಲು ಗ್ರಾಫೈಟ್ ಕಡ್ಡಿ ಇಡಲಿ. ಬರುವ ಹೈಡ್ರೋಜನ್ನನ್ನು ಅಳೆದು ಕರೆಂಟಿಗೆ ಹೊಂದಿಸಿ ನೋಡಲಿ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ 25 ಡಿಗ್ರಿಯಲ್ಲಿ ಸುಮಾರು 0.46 ಲೀಟರ್ ಹೈಡ್ರೋಜನ್ ಬರಬೇಕು, ಅದಕ್ಕಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ.

ಸಿಪ್ಪೆಯ ಗುಡ್ಡೆಯ ಮಾತು ಉಳಿಯಿತು. ಹಸಿ ಅಡಿಕೆಯ ತೂಕದಲ್ಲಿ ಸಿಪ್ಪೆಯದೇ ಶೇಕಡಾ 60ರಿಂದ 80. ಕ್ಯಾಟಲಿಸ್ಟ್ ಮಾಡಿ ಅದನ್ನು ಕರಗಿಸುತ್ತೇವೆ ಅನ್ನುವುದು ಆಗದ ಮಾತು. ಒಂದು ಕೆ.ಜಿ. ಒಣ ಸಿಪ್ಪೆಯಿಂದ ಕಾಲು ಕೆ.ಜಿ. ಆಸುಪಾಸು ಇದ್ದಿಲು, ಆಕ್ಟಿವೇಶನ್ ಮುಗಿದ ಮೇಲೆ ಅದರ ಅರ್ಧವೋ ಇನ್ನೂ ಕಡಿಮೆಯೋ ಸಿಗುತ್ತದೆ. ಎಲೆಕ್ಟ್ರೋಡಿಗೆ ಬಳಿಯುವುದು ಚದರ ಸೆಂಟಿಮೀಟರಿಗೆ ಒಂದೆರಡು ಮಿಲಿಗ್ರಾಂ. ಅಂದರೆ ಒಂದು ಚದರ ಮೀಟರ್ ಎಲೆಕ್ಟ್ರೋಡಿಗೆ 10ರಿಂದ 20 ಗ್ರಾಂ ಸಾಕು. ಒಂದು ಬುಟ್ಟಿ ಸಿಪ್ಪೆ ಎಷ್ಟೋ ಎಲೆಕ್ಟ್ರೋಡಿಗೆ ಆಗುತ್ತದೆ, ಗುಡ್ಡೆ ಗುಡ್ಡೆಯಾಗಿಯೇ ಉಳಿಯುತ್ತದೆ. ಅದಕ್ಕೆ ಗೊಬ್ಬರವೇ ದಾರಿ. ನಾರು ಗಟ್ಟಿಯಾದ್ದರಿಂದ ನಿಧಾನ ಕೊಳೆಯುತ್ತದೆ. ಕತ್ತರಿಸಿ ಸಗಣಿ, ಹಸಿ ಸೊಪ್ಪಿನ ಜೊತೆ ಪದರ ಪದರವಾಗಿ ಹಾಕಿ, ಮಳೆ ನೀರು ನಿಲ್ಲದ ಜಾಗದಲ್ಲಿ ಇಡಿ. ಡ್ರಮ್ಮಿನಲ್ಲಿ ಇದ್ದಿಲು ಮಾಡಿ ಗೊಬ್ಬರಕ್ಕೆ ಬೆರೆಸುವುದೂ ಒಳ್ಳೆಯದೇ, ಬಯಲಿನಲ್ಲಿ ಮಾಡಬೇಕು ಅಷ್ಟೇ. ರಸ್ತೆ ಬದಿಗೆ ಸುರಿದು ಬೆಂಕಿ ಇಡುವುದು ಮಾತ್ರ ಬೇಡ. ಆ ಹೊಗೆ ದಿನಗಟ್ಟಲೆ ಏಳುತ್ತದೆ, ಅಕ್ಕಪಕ್ಕದ ಮಕ್ಕಳು ಅದನ್ನೇ ಉಸಿರಾಡಬೇಕು.

ಮುಂಗಡ ಕೇಳಿದವರಿಗೆ ದುಡ್ಡು ಕೊಡಬೇಡಿ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಅದರ ಗುರಿ. ಹೈಡ್ರೋಜನ್ ಅನ್ನುವ ಹೆಸರಿಗೆ ಬೆಲೆ ಬಂದಿದೆ, ಆ ಹೆಸರು ಹೇಳಿಕೊಂಡು ಬರುವವರೂ ಇದ್ದಾರೆ. ಆ ಮಿಷನ್ ದೊಡ್ಡ ಕಾರ್ಖಾನೆಗಳ ಮಟ್ಟದ್ದು. ನಿಜವಾಗಿ ಇದ್ದಿಲು ಕೊಳ್ಳುವವರು ಅಯೋಡಿನ್ ನಂಬರ್ (ಇದ್ದಿಲಿನ ಹೀರುವ ಶಕ್ತಿಯ ಅಳತೆ) ಎಷ್ಟು, ಬೂದಿ ಶೇಕಡಾ ಎಷ್ಟು, ತೇವ ಎಷ್ಟು ಎಂದು ಕೇಳುತ್ತಾರೆ. ನಿಮ್ಮ ಮನೆಗೆ ಬಂದವರು ಅದನ್ನು ಕೇಳಿದರೇ? ಕೊಳ್ಳುವ ಬೆಲೆಯನ್ನು ಬರೆದು ಕೊಟ್ಟರೇ? ಇಲ್ಲವಾದರೆ ಅವರಿಗೆ ಬೇಕಿರುವುದು ನಿಮ್ಮ ಮುಂಗಡ.

ಕೊನೆಗೆ ಮಗಳ ಪ್ರಾಜೆಕ್ಟಿಗೆ ಒಂದು ಸಲಹೆ. ಇದು ಅಡಿಕೆ ಬೆಳೆಯುವ ಮನೆಯವರಿಗೆ ಮಾತ್ರ ಸುಲಭವಾಗಿ ಸಿಗುವ ಅವಕಾಶ. ಕೊಳೆರೋಗಕ್ಕೆ ನಾವು ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದರಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಇರುತ್ತದೆ. ಸಿಪ್ಪೆಯ ಮೇಲೆ ತಾಮ್ರ ಉಳಿಯುತ್ತದೆ. ಸುಟ್ಟಾಗ ಅದು ಇಂಗಾಲದೊಳಗೆ ಲೋಹದ ಕಣವಾಗಿ ಸೇರಿಕೊಳ್ಳುತ್ತದೆ. ಬರೀ ಹೈಡ್ರೋಕ್ಲೋರಿಕ್ ಆಸಿಡ್ ತೊಳೆತಕ್ಕೆ ಲೋಹದ ತಾಮ್ರ ಸರಿಯಾಗಿ ಹೋಗುವುದಿಲ್ಲ. ಆಗ ಚುರುಕು ಇಂಗಾಲದ್ದೋ ತಾಮ್ರದ್ದೋ ಹೇಳಲು ಬರುವುದಿಲ್ಲ. ಸುಡುವ ಮೊದಲೇ ಸಿಪ್ಪೆಯನ್ನು ತೆಳು ಆಸಿಡ್‌ನಲ್ಲಿ ತೊಳೆಯಬೇಕು. ಔಷಧಿ ಹೊಡೆದ ಸಿಪ್ಪೆ, ಹೊಡೆಯದ ಸಿಪ್ಪೆ ಎರಡನ್ನೂ ಒಂದೇ ವಿಧಾನದಲ್ಲಿ ಇಂಗಾಲ ಮಾಡಿ, ಪಕ್ಕಪಕ್ಕದಲ್ಲಿ ಅಳೆದರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟ್.

ಈ ಸಲ ಮದ್ದು ಹೊಡೆಯುವ ಮೊದಲು ನಾಲ್ಕೈದು ಗೊನೆಗೆ ಕೊಟ್ಟೆ (ಮಳೆ ತಾಗದಂತೆ ಗೊನೆಗೆ ಹಾಕುವ ಹೊದಿಕೆ) ಕಟ್ಟಿಸಿ ಬಿಡಿ. ಅದರ ಸಿಪ್ಪೆಯನ್ನು ಬೇರೆ ಇಡಿ, ಮಣ್ಣು ತಾಗದ ಹಾಗೆ ಚೆನ್ನಾಗಿ ಒಣಗಿಸಿ, ಚೀಲದ ಮೇಲೆ ಮರ ಯಾವುದು, ದಿನ ಯಾವುದು ಬರೆದಿಡಿ. ಕುಲುಮೆಯ ಕೆಲಸವನ್ನು ಮಳೆಗಾಲಕ್ಕೆ ತಳ್ಳದೆ ಬೇಸಿಗೆಯಲ್ಲೇ ಮುಗಿಸಲು ಮಗಳಿಗೆ ಹೇಳಿ. ನಮ್ಮ ಜುಲೈ ಗಾಳಿಯಲ್ಲಿ ಕ್ಷಾರದ ಹರಳು ತಕ್ಕಡಿಯ ಮೇಲೆ ಇರುವಾಗಲೇ ನೀರು ಎಳೆದುಕೊಳ್ಳುತ್ತದೆ, ಇಂಗಾಲವೂ ತೇವ ಹೀರುತ್ತದೆ. ತೂಗಿದ ತೂಕ ಒಂದೂ ಸರಿ ಇರುವುದಿಲ್ಲ.